ಭಾವನ ಗಡ್ಡದ ಪೂರ್ವಸಿದ್ಧತೆ

ನಮ್ಮ ಭಾವ ಗಡ್ಡ ಕೆರೆದುಕೊಳ್ಳಲು ತೆಗೆದುಕೊಳ್ಳುವ ಹೊತ್ತು ಹೆಚ್ಚೇನಲ್ಲ, ಒಂದು ಲೋಟ ಕಾಫಿ ಕುಡಿಯುವಷ್ಟು. ಆದರೆ ಅದಕ್ಕೆ ಮುಂಚಿನ ಸಿದ್ಧತೆ ಇದೆಯಲ್ಲ, ಅಷ್ಟು ಹೊತ್ತಿನಲ್ಲಿ ಒಬ್ಬಟ್ಟಿನ ಅಡುಗೆ ಮಾಡಿ, ನೆಂಟರಿಗೆಲ್ಲ ಬಡಿಸಿ, ಎಲೆ ಎತ್ತಿ, ಒಂದು ನಿದ್ದೆ ತೆಗೆದು ಏಳಬಹುದು! ಇದು ಉತ್ಪ್ರೇಕ್ಷೆ ಅನ್ನಿಸಿದರೆ ಹೇಳಿ, ಒಂದು ಬೆಳಿಗ್ಗೆ ಅವರನ್ನು ನಿಮ್ಮ ಮನೆಯ ಬಚ್ಚಲಿಗೇ ಕಳಿಸಿಕೊಡುತ್ತೇನೆ. ಆಮೇಲೆ ನನ್ನನ್ನು ಬಯ್ಯಬಾರದು.

ಇಂಥ ಮನುಷ್ಯ ಹೋದ ವರ್ಷ ತಿಂಗಳುಗಟ್ಟಲೆ ರೇಜರು ಮುಟ್ಟಲಿಲ್ಲ ಎಂದರೆ ನಂಬುತ್ತೀರಾ? ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಬಸುರಿ. ನಮ್ಮ ಕಡೆ ಬಸುರಿಯ ಗಂಡ ಗಡ್ಡಕ್ಕೆ ಕತ್ತಿ ತಾಗಿಸಬಾರದು. ಆ ತಿಂಗಳುಗಳು ಎಂಥವು ಅಂತ ತಿಳಿಯಬೇಕಾದರೆ ಅವರು ಬಿಟ್ಟುಕೊಟ್ಟದ್ದು ಏನು ಅಂತ ಮೊದಲು ತಿಳಿಯಬೇಕು.

ಭಾವನದು ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿ. ಸುಟ್ಟುಹೋದ ಮೋಟಾರಿನ ತಂತಿ ಬಿಚ್ಚಿ ಹೊಸದಾಗಿ ಸುತ್ತಲು ತಾಳ್ಮೆ ಬೇಕು. ಆ ತಾಳ್ಮೆ ಮುಖಕ್ಕೂ ಹತ್ತಿಕೊಂಡಿದೆ. ಮೊದಲು ಬಿಸಿನೀರಿನಲ್ಲಿ ಅದ್ದಿದ ಟವೆಲ್ಲು ಮುಖಕ್ಕೆ. ಅದು ಆರುವ ತನಕ ಗೋಡೆಗೆ ಒರಗಿ ಮೌನ. ಆಮೇಲೆ ಎಣ್ಣೆಯೋ ಜೆಲ್ಲೋ, ಅಂದಿನ ಸರದಿಯದ್ದು, ಹಚ್ಚಿ ತಿಕ್ಕುವುದು. ಅದು ‘ಇಳಿಯಲಿ’ ಎಂದು ಮತ್ತೆ ಕಾಯುವುದು. ಬ್ರಷ್ಷು, ನೊರೆ ಎಲ್ಲ ಮುಗಿದು ರೇಜರು ಕೈಗೆ ಬರುವ ಹೊತ್ತಿಗೆ, ಬಚ್ಚಲ ಹೊರಗೆ ಕಾಯುತ್ತಿರುವವರ ಗಡ್ಡವೇ ಒಂದಿಷ್ಟು ಬೆಳೆದಿರುತ್ತದೆ!

“ಬಾವ, ಸುಮ್ನೆ ಸೋಪು ಅಚ್ಚಿ ಕೆರ್ಕಳಕ್ಕಾಗಲ್ವಾ?” ಎಂದು ಒಮ್ಮೆ ಕೇಳಿದೆ.

“ಲೇ ಬಾಮೈದ, ಗ್ರೀಸ್ ಆಕ್ದೆ ಬೇರಿಂಗ್ ತಿರುಗಿಸ್ದಂಗೆ ಕಣ್ಲಾ ಅದು. ತಿರುಗ್ತದೆ. ಆದ್ರೆ ಕಿರುಚ್ತದೆ.”

ಊರಿನವರನ್ನೆಲ್ಲ ಅಣಕಿಸುವ ನಾನು ಇದನ್ನು ಬಿಡುತ್ತೇನೆಯೇ? ನೆಂಟರ ನಡುವೆ ಟವೆಲ್ಲು ಸುತ್ತಿಕೊಂಡು, ಗೋಡೆಗೆ ಒರಗಿ, ಭಾವನ ದನಿಯಲ್ಲಿ “ಇಳೀಲಿ, ಇಳೀಲಿ” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದ್ದಕ್ಕಿದ್ದಂತೆ ನಗು ನಿಂತಿತು. ಟವೆಲ್ಲು ಸರಿಸಿ ನೋಡಿದರೆ ಎದುರಿಗೇ ಭಾವ! ಬಯ್ಯಲಿಲ್ಲ. “ಅಂಗಲ್ಲ ಕಣ್ಲಾ, ಗದ್ದದಿಂದ ಮೇಲಕ್ ಸುತ್ಬೇಕು” ಎಂದು ಕೂತು ತಿದ್ದಿಕೊಟ್ಟರು. ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ?

ಹೊಸ ಮಾಲು ಬಂದರೆ ಅದನ್ನು ಅರ್ಧ ಮುಖಕ್ಕೆ ಮಾತ್ರ ಹಚ್ಚುವುದು ಅವರ ಪದ್ಧತಿ. ಎಡಗೆನ್ನೆಗೆ ಹರಳೆಣ್ಣೆ, ಬಲಗೆನ್ನೆಗೆ ಲೋಳೆಸರ. ಹರಳೆಣ್ಣೆ ಬ್ಲೇಡಿಗೆ ಮೆತ್ತಿಕೊಂಡು ಸೋತಿತು. ಲೋಳೆಸರ ಗೆದ್ದಿತು, ಆದರೆ ಜಾರಿ ಬನೀನಿಗೆ ಇಳಿಯಿತು. ಮೆಂತಾಲ್ ಹಾಕಿದ ಕ್ರೀಮು ತಂದ ದಿನ ಭಾವ ಹಿತ್ತಲಲ್ಲಿ ಕನ್ನಡಿ ತೂಗುಹಾಕಿಕೊಂಡು, ಎರಡೂ ಕಣ್ಣಲ್ಲಿ ನೀರು ಸುರಿಸುತ್ತ ಕೆರೆಯುತ್ತಿದ್ದರು. ಬೇಲಿಯಾಚೆಯಿಂದ ಪಕ್ಕದ ಮನೆಯಾತ ಮೆಲ್ಲಗೆ ಕೇಳಿದ: “ಯಾರೋದ್ರಣ್ಣ? ಮಣ್ಣು ಎಷ್ಟೊತ್ಗೆ?”

ಕೆ.ಆರ್. ಪೇಟೆಗೆ ಮೋಟಾರು ಸಾಮಾನಿಗೆ ಹೋದಾಗ ಅಲ್ಲಿಯ ಫ್ಯಾನ್ಸಿ ಸ್ಟೋರಿಗೂ ನುಗ್ಗಿದರು. “ಸೇವಿಂಗ್‌ಗೆ ಮುಂಚೆ ಅಚ್ಚೋದು ಏನಾರ ಅದಾ?” ಅಂಗಡಿಯವನಿಗೆ ತಬ್ಬಿಬ್ಬು. “ಆದ್ಮೇಲೆ ಅಚ್ಚೋದು ಅದೆ ಸಾರ್. ಮುಂಚೇನೇ ಯಾಕೆ? ಇನ್ನೂ ಗಾಯಾನೇ ಆಗಿರಲ್ವಲ್ಲ!”

ಇನ್ನು ನಾಗಮಂಗಲ. ಅಲ್ಲಿ ನೆಂಟರ ಮದುವೆ. ಬೋರ್‌ವೆಲ್ ನೀರು ಗಡಸು, ನೊರೆ ಕಟ್ಟುವುದಿಲ್ಲ ಎಂದು ಭಾವ ಪಾಂಡವಪುರದ ಮನೆಯ ನಲ್ಲಿ ನೀರನ್ನೇ ಕ್ಯಾನಿನಲ್ಲಿ ತುಂಬಿ ತಂದಿದ್ದರು. ಅವರು ಮುಖಕ್ಕೆ ಎಣ್ಣೆ ಹಚ್ಚಿಕೊಂಡು ಅದು ಇಳಿಯಲಿ ಎಂದು ಛತ್ರದ ಹಿಂದೆ ಅಡ್ಡಾಡುತ್ತಿದ್ದಾಗ, ಮದುವಣಗಿತ್ತಿಯ ಅಜ್ಜಿ ಕ್ಯಾನು ತೋರಿಸಿ “ಏನಪ್ಪ ಇದು?” ಎಂದು ನನ್ನನ್ನು ಕೇಳಿತು. “ಕಾವೇರಿ ನೀರು ಕಣಜ್ಜಿ, ಬಾವ ಪಾಂಡವಪುರದಿಂದ ಒತ್ಕೊಂಡ್ ಬಂದವ್ರೆ” ಎಂದೆ. ಸುಳ್ಳೇನು ಹೇಳಿದೆ? ಅವರ ನಲ್ಲಿಗೆ ಬರುವುದು ಕಾವೇರಿಯೇ ತಾನೆ! ಭಾವ ವಾಪಸು ಬರುವಷ್ಟರಲ್ಲಿ ಅರ್ಧ ನೀರು ಕಳಶ ಸೇರಿತ್ತು. ಉಳಿದರ್ಧಕ್ಕೆ ಹೆಂಗಸರು ಅಂಗೈ ಒಡ್ಡಿ ಸಾಲಾಗಿ ನಿಂತಿದ್ದರು. ಮದುವೆಯ ಫೋಟೋಗಳಲ್ಲಿ ಗದ್ದದ ಮೇಲೆ ಹತ್ತಿ ಅಂಟಿಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿರುವವರು ಯಾರೆಂದು ಬೇರೆ ಹೇಳಬೇಕೆ?

ಇರಲಿ, ಈಗ ಹೋದ ವರ್ಷಕ್ಕೆ ಬರೋಣ. ಅದಕ್ಕೂ ಹಿಂದೆ ಎರಡು ಸಲ ಅಕ್ಕನ ಬಸಿರು ಉಳಿದಿರಲಿಲ್ಲ. ಆಗೆಲ್ಲ ಭಾವನ ತಾಯಿ, ನಾನು ಅತ್ತೆ ಎನ್ನುವವರು, “ಕತ್ತಿ ಮುಟ್ಬ್ಯಾಡ ಕಣಪ್ಪ” ಎಂದಿದ್ದರು. “ಗಡ್ಡಕ್ಕೂ ಕೂಸಿಗೂ ಯಾವ ವೈರ್ ಎಳ್ದವ್ರೆ ಬುಡವ್ವ” ಎಂದು ನಕ್ಕು ಭಾವ ಟವೆಲ್ಲು ಅದ್ದಲು ಹೋಗಿದ್ದರು. ಆಮೇಲೆ ಆದದ್ದಕ್ಕೆ ಅತ್ತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಗಿ ಮುಗಿಯುತ್ತಿತ್ತು.

ಮೂರನೆಯ ಸಲ ಅತ್ತೆ ಕೇಳಲೇ ಇಲ್ಲ. ಭಾವನೇ ರೇಜರನ್ನು ಬಟ್ಟೆಯಲ್ಲಿ ಸುತ್ತಿ ತಂದು ತಾಯಿಯ ಕೈಗೆ ಕೊಟ್ಟರು.

ಅಕ್ಕ ರೇಗಿದಳು: “ಅದ್ಕೂ ಇದ್ಕೂ ಸಂಬಂಧ ಇಲ್ಲ ಅಂತ ಡಾಕ್ಟ್ರೇ ಹೇಳವ್ರೆ. ನೀವ್ ಮಾಡ್ಕಳಿ.”

“ಗೊತ್ತು ಕಣಮ್ಮಿ, ಸಂಬಂಧ ಇಲ್ಲ. ಗಡ್ಡ ಬುಟ್ರೆ ನವೆ ಆಯ್ತದೆ, ಅಷ್ಟೇ ತಾನೆ? ಆಗ್ಲಿ ಬುಡು.”

ನವೆ ಎಂದರೆ ಅಂತಿಂಥ ನವೆಯೆ? ಗಡ್ಡ ಎದೆಯ ಕಡೆಗೆ ಹೊರಟಿತು. ಆದರೆ ತಮಾಷೆ ಕೇಳಿ, ಸಿದ್ಧತೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ! ಬೆಳಿಗ್ಗೆ ಎದ್ದು ಬಿಸಿ ಟವೆಲ್ಲು, ಎಣ್ಣೆ, ಕಾಯುವುದು. ಆಮೇಲೆ ಎಲ್ಲವನ್ನೂ ತೊಳೆದುಕೊಂಡು ಅಂಗಡಿಗೆ ಹೊರಡುವುದು.

“ಎಲ್ಲಾ ಮಾಡ್ತೀರಿ, ಕತ್ತಿ ಒಂದ್ನ ಬುಟ್ಟು! ಏನ್ ಬಾವ ಇದು?” ಎಂದೆ.

“ಲೈನು ರೆಡಿ ಮಡಗಿರ್ಬೇಕು ಕಣ್ಲಾ. ಕರೆಂಟು ಯಾವಾಗ್ ಬತ್ತದೋ!”

ಅಂಗಡಿಗೆ ಬಂದವರು ಗಡ್ಡ ಕಂಡು ಕೈಮುಗಿಯತೊಡಗಿದರು. ಒಬ್ಬಾಕೆ ಮೋಟಾರು ಇಳಿಸಿದವಳೇ “ನನ್ ಮಗಂಗೆ ಯಾವಾಗ ಕಂಕಣಭಾಗ್ಯ ಬುದ್ದಿ?” ಎಂದು ಕೇಳಿದಳು. ಭಾವ ತಲೆ ಎತ್ತದೆ, ಎಲ್ಲ ಗಿರಾಕಿಗಳಿಗೂ ಹೇಳುವಂತೆ, “ಶುಕ್ರವಾರ ಬನ್ನಿ” ಎಂದುಬಿಟ್ಟರು!

ಅಕ್ಕನನ್ನು ತಪಾಸಣೆಗೆ ಕರೆದುಕೊಂಡು ಹೋದ ದಿನಗಳಲ್ಲಿ ಮಾತ್ರ ಭಾವ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತು ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಿದ್ದರು, ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುವ ಹಾಗೆ. ಡಾಕ್ಟರು ಹೊರಗೆ ಬಂದು “ಎಲ್ಲ ಸರಿಯಾಗಿದೆ” ಅನ್ನುವ ತನಕ ಬಿಡುತ್ತಿರಲಿಲ್ಲ.

ಕೊನೆಗೂ ಹೆಣ್ಣುಮಗು ಹುಟ್ಟಿತು. ಗುಂಡುಗುಂಡಗೆ, ಇಡೀ ವಾರ್ಡಿಗೆ ಕೇಳುವ ಗಂಟಲು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಬಾಣಂತನಕ್ಕೆ ಅಕ್ಕ ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬಂದಳು. ಪುರುಡು, ಅಂದರೆ ಹೆರಿಗೆಯ ಸೂತಕ, ಕಳೆದ ಬೆಳಿಗ್ಗೆ ಭಾವ ಹಾಜರು, ಕೈಯಲ್ಲೊಂದು ದೊಡ್ಡ ಚೀಲ. ಕೂಸನ್ನು ಆವರೆಗೆ ಕಣ್ಣಿಂದ ನೋಡಿದ್ದರೇ ಹೊರತು ಎತ್ತಿಕೊಂಡಿರಲಿಲ್ಲ. “ಈ ಪೊದೆ ಇಟ್ಕೊಂಡಾ?” ಎನ್ನುತ್ತಿದ್ದರು.

ಹಿತ್ತಲಿನ ಕಲ್ಲಿನ ಮೇಲೆ ಶೀಶೆ, ಡಬ್ಬಿ, ಟ್ಯೂಬು ಎಲ್ಲವೂ ಸಾಲಾಗಿ ನಿಂತವು. ಇಷ್ಟು ತಿಂಗಳ ಹಸಿವು, ಈವತ್ತು ಯಾವುದಕ್ಕೆ ಅದೃಷ್ಟವೋ ಎಂದು ನಾನೂ ಎದುರಿಗೆ ಕೂತೆ. ಹೊಸ ಅಣಕಿಗೆ ಸರಕು ಬೇಕಲ್ಲ! ಭಾವ ಒಂದೊಂದನ್ನೇ ತೆರೆದು ಮೂಸಿದರು. “ಇದು ಗಾಟು, ಕೂಸಿಗೆ ಸೀನು ಬತ್ತದೆ.” ಮುಚ್ಚಿಟ್ಟರು. “ಇದು ಕಣ್ಣುರಿ.” ಮುಚ್ಚಿಟ್ಟರು. “ಇದು ಅಂಟು.” ಹೀಗೆ ಸಾಲು ಪೂರ್ತಿ ಮುಗಿಯಿತು. ಕೊನೆಗೆ ಎದ್ದು ಹೋಗಿ, ನಮ್ಮವ್ವ ಕೂಸಿನ ಮೈಗೆ ಹಚ್ಚಲು ಬೆಚ್ಚಗೆ ಮಾಡಿಟ್ಟಿದ್ದ ಕೊಬ್ಬರಿ ಎಣ್ಣೆಯಲ್ಲಿ ಎರಡು ಬೆರಳು ಅದ್ದಿಕೊಂಡು ಬಂದರು. “ಇದಾದ್ರೆ ಅದ್ಕೆ ಗೊತ್ತಿರೋ ವಾಸ್ನೆ.”

ಕತ್ತರಿ ಹಾಕಿ, ಎಣ್ಣೆ ತಿಕ್ಕಿ, ನೊರೆ ಹಚ್ಚಿ, ಒಮ್ಮೆ ಇಳಿಮುಖ, ಇನ್ನೊಮ್ಮೆ ಏರುಮುಖ ಕೆರೆದರು. ತೊಳೆದು ಒರೆಸಿಕೊಂಡು ನನ್ನ ಹತ್ತಿರ ಬಂದು ಬಗ್ಗಿದರು.

“ಲೇ, ನಿನ್ ಕೆನ್ನೆ ಕೊಡ್ಲಾ ಇಲ್ಲಿ.”

“ನಂದ್ಯಾಕೆ ಬಾವ?”

“ಈ ಮನೇಲಿ ಕೂಸಿನ್ ಕೆನ್ನೆ ಇದ್ದಂಗಿರೋದು ನಿಂದೊಂದೇ ಕಣ್ಲಾ. ಒಂದಾದ್ರೂ ಕೂದ್ಲು ಬಂದದಾ ನಿಂಗೆ?”

ಅವಮಾನವೇನೋ ಆಯಿತು. ಉತ್ತರ ಹುಡುಕುವ ಮೊದಲೇ ಭಾವ ತಮ್ಮ ಕೆನ್ನೆಯನ್ನು ನನ್ನ ಕೆನ್ನೆಗೆ ಒತ್ತಿ ನಿಂತರು.

“ಚುಚ್ತದಾ?”

ನಾನು ಯಾರ ಮಾತಿಗೂ ತಿರುಗೇಟು ಕೊಡದೆ ಬಿಟ್ಟವನಲ್ಲ. ಆದರೆ ಆ ಕೆನ್ನೆ ಸಣ್ಣಗೆ ನಡುಗುತ್ತಿತ್ತು.

“ಇಲ್ಲ ಬಾವ,” ಎಂದೆ. “ಓಗಿ, ಎತ್ಕಳಿ.”