ಹರಿಯಬ್ಬೆಯ ಒರೆಸುವ ದೆವ್ವ

ನಾನು ಕೈಯಿಟ್ಟ ಯಂತ್ರ ಯಾವುದೂ ಸುಮ್ಮನೆ ಕೆಲಸ ಮಾಡಿದ್ದೇ ಇಲ್ಲ. ಜೊತೆಗೊಂದು ಕಥೆ ಕಟ್ಟಿಕೊಂಡೇ ಬರುತ್ತದೆ. ಇದು ಎರಡು ಸಾವಿರದ ಇಸವಿ ಆಸುಪಾಸು, ಹಿರಿಯೂರಿನಲ್ಲಿ ಸೋಲಾರ್ ಪಂಪಿನ ಮೆಕ್ಯಾನಿಕ್ ಆಗಿದ್ದಾಗಿನದು.

ನನ್ನ ಕೈಚಳಕ

ಹತ್ತಿರದ ಹರಿಯಬ್ಬೆ ಅನ್ನೋ ಊರಿನ ಕುಡಿಯುವ ನೀರಿನ ಪಂಪಿಗೆ ಸೋಲಾರ್ ಪ್ಲೇಟು ನಿಲ್ಲಿಸಿದ್ದು ಸುಡುಗಾಡಿನ ದಾರಿಯಲ್ಲಿ. ಶೇಂಗಾ ಬಿಡಿಸುವ ಕಾಲಕ್ಕೆ ಅದರ ಮೇಲೆ ಧೂಳು ಕೂತು ಟ್ಯಾಂಕು ಅರ್ಧವೂ ತುಂಬುತ್ತಿರಲಿಲ್ಲ. ಒರೆಸಲು ಆ ಕಡೆ ಯಾರೂ ಹೋಗರು. ಲೋಕದಲ್ಲಿ ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತು: ಗುಜರಿ ಬಸ್ಸಿನ ವೈಪರ್, ಅದಕ್ಕೊಂದು ಟೈಮರ್, ಮೇಲಿಂದ ಹನಿ ನೀರು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ತಾನೇ ಒರೆಸಿಕೊಳ್ಳಬೇಕು. ನಮ್ಮ ಇಂಜಿನಿಯರ್ ಸಾಹೇಬರು, "ತಿಂಗಳು ನೆಟ್ಟಗೆ ನಡೀಲಿ, ನಿನ್ನ ನೌಕರಿ ಕಾಯಂ" ಅಂದರು. ಕಾಯಂ ಆಯಿತು ಅಂತ ಹೆಂಡತಿಗೆ ಅವತ್ತೇ ಹೇಳಿಬಿಟ್ಟೆ.

ವಿಭೂತಿ

ಹೊಸ ಯಂತ್ರ ಬಂದರೆ ಪೂಜೆ ಆಗಲೇಬೇಕಲ್ಲ. ಊರಿಗೆ ನೀರು ಬಿಡುವ ನೀರುಗಂಟಿಯ ತಾಯಿ, ಮುದುಕಿ, ಪ್ಲೇಟಿನ ಗಾಜಿನ ತುಂಬಾ ಮೂರು ಬೆರಳಿನ ವಿಭೂತಿ ಎಳೆದು ಕೈಮುಗಿದು ನಿಂತಳು. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ, ನೆರಳು ಕಾಲಡಿ ಸೇರಿತ್ತು. ಆಗ ಕಿರ್ರೋ ಅಂತ ನರಳುತ್ತಾ ಒಂದು ಕಪ್ಪು ತೋಳು ಎದ್ದಿತು. ಮೋಡವಿಲ್ಲದ ಆಕಾಶದ ಕೆಳಗೆ ನೀರು ತೊಟ್ಟಿಕ್ಕಿತು. ತೋಳು ವಿಭೂತಿಯನ್ನು ಪೂರಾ ಒರೆಸಿ ಮತ್ತೆ ಮಲಗಿತು.

ವಿಭೂತಿ ಕಂಡರೆ ಆಗದ್ದು ಯಾವುದು ಅಂತ ಊರಿಗೆಲ್ಲ ಗೊತ್ತು. ಮಾರನೆ ದಿನ ಎರಡು ಪಟ್ಟು ಬಳಿದರು; ಅದೂ ಹೋಯಿತು. ನಾನು ಟೈಮರು ಬಿಚ್ಚಿ ತೋರಿಸಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ನೀ ಇಟ್ಟಿದ್ದು ಮಿಷಿನ್ನೇ ಕಣಪ್ಪ, ಒಪ್ಪಿದೆ. ಅದರೊಳಗೆ ಹೊಕ್ಕಂಡಿರೋದು ಯಾರು?" ಅಂದಳು.

ಉಚ್ಚಾಟನೆ

ದೆವ್ವ ಬಿಡಿಸದಿದ್ದರೆ ಪ್ಲೇಟನ್ನೇ ಕಿತ್ತು ಹಾಕುತ್ತೇವೆ ಅಂತ ಊರವರು ಹಟ ಹಿಡಿದು ಕೂತರು. ಪ್ಲೇಟು ಹೋದರೆ ನನ್ನ ನೌಕರಿಯೂ ಹೋದಂತೆ. ವೈಪರ್, ಮೋಟಾರು ಎರಡನ್ನೂ ಬಿಚ್ಚಿ ಚೀಲಕ್ಕೆ ತುಂಬಿ, ದೊಡ್ಡ ಮಂತ್ರವಾದಿಯ ಗತ್ತಿನಲ್ಲಿ ಹೊರಟೆ. ವಿಭೂತಿ ಗಾಜಿನ ಮೇಲೇ ಉಳಿಯಿತು. ಪ್ಲೇಟಿಗೆ ಬಿಸಿಲು ತಾಗದೆ ನಲ್ಲಿಯಲ್ಲಿ ನೀರು ಬರಲಿಲ್ಲ. ಎಂಟು ದಿನಕ್ಕೆ ಅಜ್ಜಿ ಬಸ್ಸು ಹತ್ತಿ ಹಿರಿಯೂರಿಗೇ ಬಂದಳು.

"ಅದನ್ನ ವಾಪಸ್ ಕರ್ಕಂಡು ಬಾರಪ್ಪ. ದೆವ್ವ ಇದ್ದಾಗ ಕೊಡನಾದ್ರೂ ತುಂಬತಿತ್ತು."

ಕಾಯಂ

ಮರುದಿನವೇ, ತಿಂಗಳು ತುಂಬುವ ಮೊದಲೇ, ಸಾಹೇಬರ ತನಿಖೆ. ಅವರ ಜೀಪಿನಲ್ಲೇ, ವೈಪರಿನ ಚೀಲ ತೊಡೆಯ ಮೇಲಿಟ್ಟುಕೊಂಡು, ದೇವರನ್ನು ನೆನೆಯುತ್ತಾ ಹೋದೆ. ಹನ್ನೆರಡು ಆಗುವುದರಲ್ಲಿತ್ತು. ನೋಡಿದರೆ ಪ್ಲೇಟು ಕನ್ನಡಿಯ ಹಾಗೆ ಹೊಳೆಯುತ್ತಿದೆ, ಟ್ಯಾಂಕು ತುಂಬಿ ಚೆಲ್ಲುತ್ತಿದೆ. ಒರೆಸಿದ್ದು ಯಾರು ಅಂತ ನೀರುಗಂಟಿಯನ್ನು ಪಿಸುಮಾತಿನಲ್ಲಿ ಕೇಳಿದೆ.

"ಅದನ್ನ ಮುಟ್ಟೋ ಧೈರ್ಯ ಈ ಊರಾಗೆ ಯಾರಿಗೈತ್ರಿ?" ಅಂದ.

ಸಾಹೇಬರು ಗಾಜಿನ ಮೇಲೆ ಬೆರಳಾಡಿಸಿದರು, ಧೂಳಿಲ್ಲ. ನನ್ನ ಕಡೆ ತಿರುಗಿ, ಇಷ್ಟು ಚೆನ್ನಾಗಿ ಒರೆಸಿದ್ದು ಯಾರಯ್ಯಾ ಅಂದರು. ನೌಕರಿಯ ಪ್ರಶ್ನೆ. ಎದೆ ಸೆಟೆಸಿ, "ನಾನೇ ಸಾರ್" ಅಂದೆ.

ವೈಪರಿಲ್ಲದ ಬರೀ ಗಾಜಿನ ಕಡೆಯಿಂದ, ಕಿರ್ರೋ ಅಂತು.

ಸಾಹೇಬರು ತಿರುಗಿ ನೋಡಲಿಲ್ಲ. ನೇರ ಜೀಪಿಗೆ ಹೋಗಿ ಕೂತು ಕಾಯಂ ಆರ್ಡರಿಗೆ ಸಹಿ ಹಾಕಿದರು. ಆ ಕಾಗದ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಸಹಿಯನ್ನು ಮಾತ್ರ ಇವತ್ತಿನವರೆಗೂ ಯಾವ ಗುಮಾಸ್ತನಿಗೂ ಓದಲಾಗಿಲ್ಲ.