ಪುಟ್ಟಸ್ವಾಮಿಯ ಆಸ್ಪಿರಿನ್ನೂ ನನ್ನ ಹೊಟ್ಟೆಯೂ

ವಯಸ್ಸಾದ ಮೇಲೆ ಇನ್ನೊಬ್ಬರ ಕಾರು, ಮನೆ, ತೋಟ ಕಂಡು ಹೊಟ್ಟೆ ಉರಿಯುವುದು ನಿಂತುಹೋಗುತ್ತದೆ. ಆ ಜಾಗಕ್ಕೆ ಇನ್ನೊಬ್ಬರ ಮಾತ್ರೆ ಬಂದು ಕೂರುತ್ತದೆ. ನನಗಂತೂ ಹಾಗೇ ಆಯಿತು. ಮಂಡ್ಯದ ಕರೆಂಟು ಆಫೀಸಿನಲ್ಲಿ ದುಡಿದು ನಿವೃತ್ತನಾದ ನನಗೆ ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಇದು ಹೆಮ್ಮೆಯ ವಿಷಯವೆಂದು ನೀವು ಭಾವಿಸಬಹುದು. ಆದರೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನನ್ನ ಓರಗೆಯವರೆಲ್ಲ ಜೇಬಿನಿಂದ ಡಬ್ಬಿ ತೆಗೆದು, ಇದು ಊಟಕ್ಕೆ ಮುಂಚಿನದು, ಇದು ನಂತರದ್ದು ಎಂದು ಮಾತಿಗಿಳಿದಾಗ, ಪರೀಕ್ಷೆಗೆ ಪೆನ್ನು ತರದ ಹುಡುಗನ ಹಾಗೆ ಕೂತು ನೋಡಿ, ಆಗ ತಿಳಿಯುತ್ತದೆ.

ಬೆಳಕವಾಡಿಯ ಪುಟ್ಟಸ್ವಾಮಿ ನನ್ನ ಹೈಸ್ಕೂಲು ಗೆಳೆಯ. ಭತ್ತ, ಕಬ್ಬು ಬೆಳೆದುಕೊಂಡು ಆರಾಮಾಗಿದ್ದವನಿಗೆ ಹೃದಯಾಘಾತವಾಗಿ, ರಕ್ತನಾಳಕ್ಕೆ ಸ್ಟೆಂಟು ಹಾಕಿದ್ದಾರೆ. ಒಂದು ಭಾನುವಾರ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಮುದ್ದೆ, ನಾಟಿಕೋಳಿ ಸಾರು ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅವನ ಹೆಂಡತಿ ಗೌರಮ್ಮ ನೀರಿನ ಲೋಟದ ಜೊತೆ ಪುಟಾಣಿ ಮಾತ್ರೆಯೊಂದನ್ನು ತಂದುಕೊಟ್ಟರು.

"ಏನ್ಲಾ ಅದು, ಇಷ್ಟೇ ಇಷ್ಟದೆ?" ಎಂದೆ.

"ಆಸ್ಪಿರಿನ್ ಕಣ್ಲಾ. ರಕ್ತ ಎಪ್ಪುಗಟ್ಟದಂಗೆ ನೋಡ್ಕತದೆ. ಒಂದಿನಾನೂ ತಪ್ಪಿಸ್ಬ್ಯಾಡ ಅಂದವ್ರೆ ಡಾಕ್ಟ್ರು," ಎಂದು ಅವನು ಗಂಭೀರವಾಗಿ ನುಂಗಿದ. ಆ ಗಾಂಭೀರ್ಯ ನನಗೆ ಬಹಳ ಹಿಡಿಸಿತು. ವಾಪಸ್ಸು ಬರುವ ಬಸ್ಸಿನಲ್ಲಿ ಯೋಚಿಸಿದೆ: ರಿಪೇರಿಯಾದ ಹೃದಯಕ್ಕೇ ಇಷ್ಟು ಉಪಚಾರ ಬೇಕಾದರೆ, ಇದುವರೆಗೆ ಒಮ್ಮೆಯೂ ರಿಪೇರಿ ಕಾಣದ ನನ್ನ ಹಳೇ ಹೃದಯದ ಗತಿಯೇನು? ಮಂಡ್ಯದಲ್ಲಿ ಇಳಿದವನು ನೇರ ಔಷಧಿ ಅಂಗಡಿಗೆ ಹೋದೆ. ಮಾರನೆಯ ದಿನದಿಂದ ನಾನೂ ಊಟವಾದ ಮೇಲೆ ಗಂಭೀರನಾಗತೊಡಗಿದೆ. ಮಾತ್ರೆ ಯಾತಕ್ಕೆಂದು ಹೆಂಡತಿ ಜಯಮ್ಮ ಕೇಳಿದಳು. "ಶಕ್ತಿಗೆ," ಎಂದೆ.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಭಾರತೀನಗರದಲ್ಲಿ ಒಂದು ಮದುವೆ ಬಂತು. ಬೆಳಗ್ಗೆ ಗಡ್ಡ ಹೆರೆಯುವಾಗ ಕೆನ್ನೆಗೆ ಬ್ಲೇಡು ತಾಗಿತು. ಯಾವಾಗಲೂ ಸ್ಫಟಿಕ ಉಜ್ಜಿದರೆ ನಿಲ್ಲುವ ರಕ್ತ ಈ ಸಲ ನಿಲ್ಲಲೊಲ್ಲದು. ಕಡೆಗೆ ಕೆನ್ನೆಗೆ ಪೇಪರಿನ ಚೂರು ಅಂಟಿಸಿಕೊಂಡೇ ಮಂಟಪ ಹತ್ತಿ ಅಕ್ಷತೆ ಹಾಕಿದೆ. ಮದುವೆಯ ಫೋಟೋಗಳಲ್ಲೆಲ್ಲ ನಾನು ಸ್ಟ್ಯಾಂಪು ಅಂಟಿಸಿಕೊಂಡು ಆಗತಾನೇ ಪೋಸ್ಟಿನಲ್ಲಿ ಬಂದವನ ಹಾಗೆ ನಿಂತಿದ್ದೇನೆ. ಹೊಟ್ಟೆಯುರಿ ಶುರುವಾದದ್ದೂ ಆಗಲೇ. ತಪ್ಪನ್ನು ಮದುವೆ ಊಟದ ಮೇಲೆ ಹಾಕಿದೆ. ತೋಳಿನ ಮೇಲೆ ನೀಲಿ ಕಲೆಗಳೆದ್ದವು. "ಅದೇನ್ರೀ, ನ್ಯಾರಳೆ ಅಣ್ಣು ಜಜ್ಜಿದಂಗದೆ?" ಎಂದಳು ಜಯಮ್ಮ. ಸೊಳ್ಳೆಯ ಮೇಲೆ ಹಾಕಿದೆ. ಒಂದು ಬೆಳಗ್ಗೆ ಮೆಟ್ಟಿಲು ಹತ್ತುವಾಗ ತಲೆ ತಿರುಗಿ ಗೋಡೆ ಹಿಡಿದು ಕೂತುಬಿಟ್ಟೆ. ತಪ್ಪು ಹಾಕಲು ಇನ್ನೇನೂ ಉಳಿದಿರಲಿಲ್ಲ. ಜಯಮ್ಮ ಆಟೋ ಕರೆದಳು.

ಡಾಕ್ಟರು ನಮ್ಮ ಸೊಸೆಯ ವಯಸ್ಸಿನ ಹೆಣ್ಣುಮಗಳು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು. "ಮಲ ಕಪ್ಪಗೆ ಹೋಗ್ತಾ ಇದೆಯಾ?" ಎಂದರು. ಹೌದೆಂದೆ. "ಏನಾದ್ರೂ ಮಾತ್ರೆ ತಗೋತಿದ್ದೀರಾ?" ಹೇಳಿದೆ.

"ಇದನ್ನ ಬರೆದುಕೊಟ್ಟ ಡಾಕ್ಟರು ಯಾರು?"

ನಾನು ಸೀಲಿಂಗ್ ಫ್ಯಾನು ನೋಡಿದೆ. "ಇವ್ರೇ ಕಣಮ್ಮ," ಎಂದಳು ಜಯಮ್ಮ.

ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಸ್ಟೆಂಟು ಇರುವವರಿಗೆ ಆ ಮಾತ್ರೆ ರಕ್ಷಣೆ. ಅವರು ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು. ಅಂಥದ್ದೇನೂ ಇಲ್ಲದವರು ಈ ವಯಸ್ಸಿನಲ್ಲಿ ತಾವಾಗಿಯೇ ಶುರುಮಾಡಿದರೆ ಲಾಭ ಕಡಿಮೆ, ಒಳಗೆ ರಕ್ತ ಸೋರುವ ಅಪಾಯವೇ ಜಾಸ್ತಿ. ನನ್ನ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. ಅಲ್ಲೇ ಮಲಗಿಸಿಕೊಂಡು ಚಿಕಿತ್ಸೆ ಕೊಟ್ಟರು.

ಮನೆಗೆ ಬಂದವನು ತೆಪ್ಪಗಿರಬೇಕಿತ್ತು. ಆದರೆ ಆಸ್ಪತ್ರೆಯಿಂದ ಹೊಸ ಜ್ಞಾನ ತಂದವನಿಗೆ ಅದನ್ನು ಹಂಚದೆ ನಿದ್ದೆ ಬರುತ್ತದೆಯೇ? ಡಾಕ್ಟರಮ್ಮ ಹೇಳಿದ ಮೊದಲರ್ಧ ಬೇರೆಯವರಿಗೆ ಸಂಬಂಧಿಸಿದ್ದೆಂದು ನಾನು ಗಮನವಿಟ್ಟು ಕೇಳಿರಲಿಲ್ಲ. ನೆನಪಿದ್ದ ಉಳಿದರ್ಧವನ್ನೇ ಪುಟ್ಟಸ್ವಾಮಿಗೆ ಫೋನಿನಲ್ಲಿ ಒಪ್ಪಿಸಿದೆ. "ಲೇ, ಅದು ಒಟ್ಟೆ ತೂತು ಮಾಡ್ತದೆ ಕಣ್ಲಾ. ನಾನು ಸಾಯೋದ್ರಲ್ಲಿದ್ದೆ!"

ಕೆಲವು ದಿನ ಕಳೆದು ಗೌರಮ್ಮ ಫೋನು ಮಾಡಿದರು. "ಅಣ್ಣ, ನೀವು ಯೋಳುದ್ರಿ ಅಂತ ಇವ್ರು ಮಾತ್ರೆ ಬುಟ್ಬುಟ್ಟವ್ರೆ. ಈಗ ಎದೆ ವಸಿ ಇಡ್ಕಂಡಂಗೆ ಆಯ್ತದೆ ಅಂತಾವ್ರೆ."

ನನ್ನ ಎದೆ ಹಿಡಿದುಕೊಂಡಿತು. "ತಕ್ಷಣ ಮಳವಳ್ಳಿ ಆಸ್ಪತ್ರೆಗೆ ಕರ್ಕಂಡೋಗಮ್ಮ!" ಎಂದು ಕೂಗಿ, ಜಯಮ್ಮನನ್ನು ಹೊರಡಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಕಂಡಕ್ಟರು ಚಿಲ್ಲರೆ ಕೇಳಿದರೆ ನಾನು ದೇವರ ಹೆಸರು ಹೇಳುತ್ತಿದ್ದೆ. ಅವನಿಗೇನಾದರೂ ಆದರೆ ಬೆಳಕವಾಡಿಯ ಕಡೆ ಹೇಗೆ ಮುಖ ತೋರಿಸಲಿ? ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು, ಬಸ್ಸು ಮಾತ್ರ ಮುಂದಕ್ಕೆ ಹೋದಂತೆ ಅನ್ನಿಸಲಿಲ್ಲ. ಜಯಮ್ಮ ಬೈಯದೇ ಇದ್ದದ್ದು ನೋಡಿ ಇನ್ನೂ ಭಯವಾಯಿತು.

ಮಳವಳ್ಳಿಯ ಆಸ್ಪತ್ರೆಯಲ್ಲಿ ಪುಟ್ಟಸ್ವಾಮಿ ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ನೋಡಿದ ಡಾಕ್ಟರು, ಸದ್ಯ ಹೃದಯಕ್ಕೇನೂ ಆಗಿಲ್ಲ ಎಂದಿದ್ದರಂತೆ. ನಿಲ್ಲಿಸಿದ್ದ ಮಾತ್ರೆಯನ್ನು ಮತ್ತೆ ಶುರುಮಾಡಿಸಿ, ಚೆನ್ನಾಗಿ ಬೈದಿದ್ದರಂತೆ. ನನ್ನ ಕಣ್ಣಲ್ಲಿ ನೀರು ಬಂತು. ಅವನ ಕೈ ಹಿಡಿದುಕೊಂಡೆ.

"ಲೇ, ನೀನು ಕರೆಂಟ್ ಆಪೀಸ್ನಲ್ಲಿದ್ದಾಗ್ಲೂ ಇಂಗೇ ಕಣ್ಲಾ," ಎಂದ ಅವನು ಚಟ್ನಿ ಒರೆಸಿಕೊಳ್ಳುತ್ತ. "ಒಂದು ಮನೇಲಿ ಶಾಕ್ ಒಡೀತದೆ ಅಂದ್ರೆ ಇಡೀ ಊರ್ ಲೈನು ತಗೀತಿದ್ದೆ."

ಗೌರಮ್ಮ, ಜಯಮ್ಮ ಇಬ್ಬರೂ ನಕ್ಕರು. ಆ ನಗುವಿಗೆ ನಾನು ಯಾವ ಬೆಲೆಯನ್ನಾದರೂ ತೆರುತ್ತಿದ್ದೆ.

ಅಂದಿನಿಂದ ವೈದ್ಯಕೀಯ ಬಿಟ್ಟಿದ್ದೇನೆ. ಮೊನ್ನೆ ಸಂಜೆ ಪಾರ್ಕಿನಲ್ಲಿ ಪರಿಚಯದವರೊಬ್ಬರು ಪಕ್ಕದಲ್ಲಿ ಕೂತು, "ಮೊಣಕಾಲು ನೋವಿಗೆ ಏನು ಮಾಡಬೇಕು ಸಾರ್?" ಎಂದರು. ನಾಲಗೆ ತುದಿಗೆ ಮೂರ್ನಾಲ್ಕು ಔಷಧಿ ಬಂದವು. ಎಲ್ಲವನ್ನೂ ನುಂಗಿಕೊಂಡು, "ಡಾಕ್ಟರನ್ನ ಕೇಳಿ," ಎಂದೆ. ಆ ಹುಣ್ಣು ಕೂಡ ನನ್ನನ್ನು ಇಷ್ಟು ನೋಯಿಸಿರಲಿಲ್ಲ. ಅವರು ನನ್ನನ್ನು ಕನಿಕರದಿಂದ ನೋಡಿ, ಎದ್ದು ಪಕ್ಕದ ಬೆಂಚಿಗೆ ಹೋದರು. ಅಲ್ಲಿ ಕೂತಿದ್ದ ನಿವೃತ್ತ ತಹಸೀಲ್ದಾರರು ಯಾವುದೋ ಎಣ್ಣೆಯ ಗುಣಗಳನ್ನು ಬಹಳ ಗಂಭೀರವಾಗಿ ವರ್ಣಿಸತೊಡಗಿದರು. ಎಣ್ಣೆಯ ಹೆಸರು ಸರಿಯಾಗಿ ಕೇಳಿಸಲಿಲ್ಲ. ನಾನು ಮೆಲ್ಲಗೆ ನಮ್ಮ ಬೆಂಚಿನ ಆ ತುದಿಗೆ ಸರಿದು ಕೂತೆ.