ಮೂಕ ಗೀಸರ್

ನಮ್ಮ ಸೋದರಮಾವ ಮಂದಿ ಮನೆಗೆ ಉಣ್ಣಲು ಹೋಗುವವರಲ್ಲ, ಸ್ನಾನಕ್ಕೆ ಹೋಗುವವರು! ನಗಬೇಡಿ. ಈ ಚಳಿಗಾಲದಲ್ಲಿ ಶಹಾಪುರದಿಂದ ನಾರಾಯಣಪುರದವರೆಗೆ ಗೀಸರ್ ಇರುವ ನೆಂಟರ ಪೈಕಿ ಮಾಮಾ ಮೈ ತೊಳೆಯದ ಬಚ್ಚಲು ಒಂದೂ ಉಳಿದಿಲ್ಲ.

ತಪ್ಪೆಲ್ಲ ಅವರ ಮನೆಯ ತಾಮ್ರದ ಬಾಯ್ಲರಿನದು. ನಡುವೆ ತೊಗರಿ ಕಟ್ಟಿಗೆ ತುರುಕಿ ಉರಿ ಹಚ್ಚಿದರೆ ಸುತ್ತಲಿನ ನೀರು ಕಾಯುತ್ತದೆ. ಮದುವೆಯಲ್ಲಿ ಅತ್ತೆಯ ಜೊತೆಗೇ ಬಂದ ಸರಕು. ಈಗ ತಳ ಸೋರುತ್ತದೆ. ಮಾಮಾ ಅಲ್ಲಿಗೆ ಸಾಬೂನು ಮೆತ್ತಿದ್ದರು. ನೊರೆ ತಾನೇ ಬರುತ್ತದೆ, ಬೇರೆ ಸಾಬೂನು ಯಾಕೆ ಎಂಬ ಜಂಬ ಬೇರೆ!

ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಣ್ಣಿಗೆ ಹೊಗೆ ತಾಕಿಸಿದರೆ ನಾನು ಜವಾಬ್ದಾರನಲ್ಲ ಎಂದು ಯಾದಗಿರಿಯ ಡಾಕ್ಟರು ಖಡಕ್ಕಾಗಿ ಹೇಳಿದರು. ದಿನಾ ಉರಿ ಊದುತ್ತಿದ್ದವರೇ ಅತ್ತೆ. ಮಾಮಾ ತಾವೇ ಊದುತ್ತೇನೆಂದರೂ ಅಷ್ಟು ಸಣ್ಣ ಮನೆಯಲ್ಲಿ ಹೊಗೆ ಅತ್ತೆಯನ್ನು ಬಿಡುತ್ತದೆಯೇ? ಮಗಳ ಮನೆಯಲ್ಲಿ ಆರೈಕೆ ಮಾಡಿಸಿಕೊಂಡು ಅತ್ತೆ ಬರುವುದರೊಳಗೆ ಬಾಯ್ಲರಿನ ಗತಿ ತೀರ್ಮಾನವಾಗಬೇಕಿತ್ತು.

ನೀವು, ನಾವು ಆಗಿದ್ದರೆ ಅಂಗಡಿಗೆ ಹೋಗಿ ಗೀಸರ್ ತರುತ್ತಿದ್ದೆವು. ಮಾಮಾ ಟವೆಲ್ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದರು! ಮೈಗೆ ಹಾಕಿಕೊಂಡು ನೋಡದೆ ನೀರಿನ ಗುಣ ತಿಳಿಯುವುದಾದರೂ ಹೇಗೆ ಎಂಬುದು ಅವರ ವಾದ. ಮೊದಲ ಪರೀಕ್ಷೆ ಸುರಪುರದ ನಮ್ಮ ಮನೆಯಲ್ಲೇ. ನನ್ನ ಹೆಂಡತಿ ಗೀಸರ್ ಹಾಕಿದಳು. ಕೆಂಪು ದೀಪ ಹತ್ತಿತು, ಆರಿತು. ಮಾಡಿಟ್ಟ ಉಪ್ಪಿಟ್ಟೂ ಆರಿತು. ಮಾಮಾ ಮಾತ್ರ ಟವೆಲ್ ಸುತ್ತಿಕೊಂಡು ಪಡಸಾಲೆಯಲ್ಲಿ ಕೂತೇ ಇದ್ದರು.

“ಯಾಕ್ ಮಾಮಾ, ಹೋಗಲಿಲ್ಲೇನು?” ಎಂದೆ.

“ಯಾರೂ ಕರೀಲೇ ಇಲ್ಲಲೋ ಅಳಿಯಾ.”

ಸ್ನಾನ ಮುಗಿಸಿ ಬಂದು ತೀರ್ಪು ಕೊಟ್ಟರು: “ನೀರು ಚಲೋ ಅದಾವ. ಆದ್ರ ನಿಮ್ಮ ಗೀಸರ್ ಮೂಕ ಅದ ನೋಡು.”

ಗೀಸರ್ ಮಾತಾಡಬೇಕಂತೆ! ನಾವು ನಕ್ಕುಬಿಟ್ಟೆವು.

ನಾರಾಯಣಪುರದ ಆಣೆಕಟ್ಟಿನ ನೌಕರರ ಕ್ವಾರ್ಟರ್ಸಿನಲ್ಲಿ ಎಷ್ಟು ಹೊತ್ತು ಮಿಂದರೆಂದರೆ, ಮಾಮಾ ಇನ್ನೊಮ್ಮೆ ಬಂದರೆ ಆಣೆಕಟ್ಟು ತಳ ಕಾಣುತ್ತದೆ ಎಂದು ಅಲ್ಲಿನ ನೆಂಟರು ನನಗೆ ಫೋನ್ ಮಾಡಿದರು. ಆ ಗೀಸರೂ ಮೂಕವಂತೆ. ಗೋಗಿಯ ಬೀಗರ ಮನೆಯಲ್ಲಂತೂ ತಲೆಗೆ ಸಾಬೂನು ಹಚ್ಚಿದಾಗಲೇ ಕರೆಂಟ್ ಹೋಯಿತು. ಬೀಗಿತ್ತಿ ಪಾಪ, ಒಲೆಯ ಮೇಲೆ ನೀರು ಕಾಯಿಸಿ, ಬಾಗಿಲ ಹೊರಗಿಟ್ಟು ಕೂಗಿ ಹೇಳಿದರು. ಎಲ್ಲಾ ಗೀಸರಿಗಿಂತ ಗೋಗಿಯದೇ ಉತ್ತಮ ಎಂದು ಮಾಮಾ ಊರೆಲ್ಲ ಹೊಗಳಿದರು!

ಅತ್ತೆ ಬರುವ ಹಿಂದಿನ ದಿನ ನಾನೇ ಹೋಗಿ ಜಬರದಸ್ತಿಯಿಂದ ಗೀಸರ್ ಕೊಡಿಸಿದೆ. ಮಾಮಾ ಅದಕ್ಕೆ ವಿಭೂತಿ ಎಳೆದು ದಾಸವಾಳ ಸಿಕ್ಕಿಸಿದರು. ಬಾಯ್ಲರ್ ಅಂಗಳ ಸೇರಿತು.

ಮರುದಿನ ಸಂಜೆ ಅತ್ತೆ ಬಂದರು. ಬೆಳಗಾಯಿತು. ಕೆಂಪು ದೀಪ ಹತ್ತಿತು, ಆರಿತು. ಮಾಮಾ ಟವೆಲ್ ಸುತ್ತಿಕೊಂಡು ಕೂತಿದ್ದರು. ಹೋಗ್ರಿ ಎಂದು ನಾನು ಅವಸರ ಮಾಡಿದರೆ ಕೈಯಿಂದಲೇ ಸುಮ್ಮನಿರಿಸಿದರು. ಕಪ್ಪು ಕನ್ನಡಕದ ಅತ್ತೆ ಗೋಡೆ ಹಿಡಿದು ಬಚ್ಚಲಿಗೆ ಹೋದರು. ನಳ ತಿರುವಿ, ನೀರಿಗೆ ಕೈಯೊಡ್ಡಿ ನೋಡಿ, ಇಷ್ಟು ವರ್ಷ ಕೂಗಿದ ಹಾಗೆಯೇ ಕೂಗಿದರು.

“ಏನ್ರೀ, ನೀರು ಕಾದಾವ್ರಿ.”

ಮಾಮಾ ಎದ್ದರು.

“ನಾನೂ ಭಾಳ ಕಾದೇನಿ,” ಎಂದರು.

ನನ್ನ ಕಣ್ಣು ತುಂಬಿ ಬಂತು. ಹೊಗೆಯ ನೆಪ ಹೇಳೋಣವೆಂದರೆ ಮನೆಯಲ್ಲಿ ಉರಿಯೇ ಇರಲಿಲ್ಲ.